ಅಟ್ಟದ ಮೇಲಿನ ಚಕಮಕಿ ಪಿಸ್ತೂಲು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುವವರು ಮೊದಲು ಅಟ್ಟ ಖಾಲಿ ಮಾಡಬೇಕು. ಹಿತ್ತಾಳೆ ಹಂಡೆ, ಮುರಿದ ತೊಟ್ಟಿಲುಗಳ ನಡುವೆ ಮುತ್ತಜ್ಜನ ಕಾಲದ ಪಿಸ್ತೂಲೊಂದು ಸಿಕ್ಕಿತೆನ್ನಿ. ಗುಜರಿಯವನಿಗೆ ಅದು ತೂಕದ ಕಬ್ಬಿಣ, ಸಂಗ್ರಾಹಕನಿಗೆ ಇತಿಹಾಸ, ಪೊಲೀಸರಿಗೆ ಆಯುಧ!

ಚಕಮಕಿ ಪಿಸ್ತೂಲಿನ ತಂತ್ರ ಸರಳ. ಕುದುರೆಯ ಬಾಯಿಗೆ ಚಕಮಕಿ ಕಲ್ಲು ಕಚ್ಚಿಸಿರುತ್ತಾರೆ. ಬಿಲ್ಲು ಎಳೆದರೆ ಕಲ್ಲು ಉಕ್ಕಿನ ಪಟ್ಟಿಗೆ ಉಜ್ಜಿ ಕಿಡಿ ಹಾರುತ್ತದೆ. ಪಕ್ಕದ ಪುಟ್ಟ ಬಟ್ಟಲಿನ ಮದ್ದು ಹೊತ್ತಿ, ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯೊಳಗಿನ ಮದ್ದಿಗೆ ತಗಲುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಪ್ ಬಂದೂಕು ಬಂದು ಇದನ್ನು ಮೂಲೆಗೆ ತಳ್ಳಿತು.

ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ಸಿಗುವ ಶ್ರೀರಂಗಪಟ್ಟಣ ಇಂಥ ಆಯುಧಗಳಿಗೆ ಹೆಸರಾಗಿತ್ತು. ಟಿಪ್ಪುವಿನ ಕಾರ್ಖಾನೆಗಳ ಬಂದೂಕು, ಪಿಸ್ತೂಲುಗಳ ಮೇಲೆ ಹುಲಿಪಟ್ಟೆ, ಹುಲಿಮುಖದ ಅಲಂಕಾರ. ಅಲ್ಲಿನ ಜೋಡಿ ಪಿಸ್ತೂಲುಗಳಲ್ಲಿ ಒಂದರ ಕುದುರೆ ಬಲಕ್ಕಿದ್ದರೆ ಇನ್ನೊಂದರದು ಎಡಕ್ಕೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಎಷ್ಟೋ ಆಯುಧಗಳು ಇಂಗ್ಲೆಂಡಿನ ಪಾಲಾದವು. 2015ರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪು ಕಾಲದ 30 ವಸ್ತುಗಳಿಗೆ ಸುಮಾರು 60 ಲಕ್ಷ ಪೌಂಡ್ ಬಂದಿತ್ತು. 2023ರಲ್ಲಿ ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಕರ್ಮಿ ಟಿಪ್ಪುವಿಗೆಂದು 1793-94ರಲ್ಲಿ ಮಾಡಿದ ಚಕಮಕಿ ಬಂದೂಕು ದೇಶ ಬಿಟ್ಟು ಹೋಗದಂತೆ ಬ್ರಿಟನ್ ಸರ್ಕಾರವೇ ತಾತ್ಕಾಲಿಕ ತಡೆ ಹಾಕಿತು. ಅದರ ಬೆಲೆ 20 ಲಕ್ಷ ಪೌಂಡ್!

ನಮ್ಮಲ್ಲಿ ಸಂಗ್ರಾಹಕನ ಪಾಡೇ ಬೇರೆ. 1959ರ ಆಯುಧ ಕಾಯ್ದೆಯ 45ನೇ ಕಲಮು ಪುರಾತನ ಆಯುಧಗಳಿಗೆ ವಿನಾಯಿತಿ ಕೊಟ್ಟಿದೆ ನಿಜ. ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲು ಬಾರದಂತಿದ್ದರೆ ಮಾತ್ರ. ಅಂದರೆ ತುಕ್ಕು ಹಿಡಿದು ಹಾಳಾದದ್ದಕ್ಕೆ ತಂಟೆಯಿಲ್ಲ, ಜೋಪಾನವಾಗಿ ಉಳಿಸಿಕೊಂಡದ್ದಕ್ಕೆ ಪರವಾನಗಿ ಬೇಕು! ನೂರು ವರ್ಷ ದಾಟಿದ ವಸ್ತುವಾದರೆ 1972ರ ಪುರಾವಸ್ತು ಕಾಯ್ದೆಯೂ ಅನ್ವಯಿಸುತ್ತದೆ. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.

ಹಾಗಾಗಿ ಅಟ್ಟದಲ್ಲಿ ಪಿಸ್ತೂಲು ಸಿಕ್ಕರೆ ಕುದುರೆ ಎಳೆದು ನೋಡಬೇಡಿ. ಅಜ್ಜ ತುಂಬಿಟ್ಟ ಮದ್ದು ಒಳಗೇ ಉಳಿದಿರಬಹುದು. ಹುಣಸೆಹಣ್ಣು ಹಾಕಿ ಉಜ್ಜಲೂ ಬೇಡಿ. ಕಾಲದ ಗುರುತು, ಬರಹ, ಬೆಳ್ಳಿಯ ಕುಸುರಿ ಎಲ್ಲವೂ ಅಳಿಸಿಹೋಗುತ್ತವೆ. ಮೊದಲು ಪೊಲೀಸರಿಗೆ ತಿಳಿಸಿ, ಬಲ್ಲವರಿಂದ ಪರೀಕ್ಷೆ ಮಾಡಿಸಿ. ಯಾರ ಕೈಯಿಂದ ಯಾರ ಕೈಗೆ ಬಂತೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಆ ಕಥೆ ತಿಳಿಯದ ಪಿಸ್ತೂಲು ಗುಜರಿಯವನ ಲೆಕ್ಕದಲ್ಲಿ ಬರೀ ಕಬ್ಬಿಣವೇ.