ನೆರೆ ಇಳಿದ ಮೇಲಿನ ಊರು

ವಿಜಯನಗರ ಬಿದ್ದ ಕಥೆಯನ್ನು ನಮ್ಮ ಬಳ್ಳಾರಿ-ಅನಂತಪುರ ಗಡಿಸೀಮೆಯ ರಂಗಭೂಮಿ ನೂರು ವರ್ಷಗಳ ಹಿಂದೆಯೇ ಆಡಿ ತೋರಿಸಿತ್ತು. ಬಳ್ಳಾರಿಯ ಕೋಲಾಚಲಂ ಶ್ರೀನಿವಾಸರಾಯರು ಅದನ್ನು ತೆಲುಗು ನಾಟಕವಾಗಿ ಬರೆದರು. ಅದರ ಪಠಾಣ್ ರುಸ್ತುಂ ಪಾತ್ರದಿಂದ ಬಳ್ಳಾರಿ ರಾಘವರು ಹೆಸರಾದರು. ನಮ್ಮ ರಾಯದುರ್ಗವೂ ಆಗ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಆಂಧ್ರದ ಅನಂತಪುರಕ್ಕೆ ಸೇರಿದ್ದು 1953ರಲ್ಲಿ. ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’ಯ ವಸ್ತುವೂ 1565ರ ಅದೇ ಯುದ್ಧ. ಆದರೆ ಹಂಪಿ ಹಾಳಾದ ಮೇಲೆ ಅರಸೊತ್ತಿಗೆ ಮಡಕಶಿರದ ನೆರೆಯ ಪೆನುಕೊಂಡೆಗೆ ಬಂತಲ್ಲ, ಆಮೇಲಿನ ಕಥೆ? ಮನೆ ಕಳೆದುಕೊಂಡ ಮದ್ದಳೆಯವನು ಮರುವರ್ಷದ ಹಬ್ಬಕ್ಕೆ ಎಲ್ಲಿ ಕೂತು ಬಾರಿಸಿದ, ಅವನಿಗೆ ಕಾಸು ಕೊಟ್ಟವರಾರು? ಇದನ್ನು ಯಾರೂ ನಾಟಕ ಮಾಡಿದ್ದನ್ನು ನಾನು ಕಂಡಿಲ್ಲ.

ಬೇರೆ ಊರಿನ ಮಟ್ಟಿಗೆ ಇದೇ ಪ್ರಶ್ನೆಯನ್ನು 36 ಕಂತುಗಳ ಉದ್ದಕ್ಕೂ ಹಿಡಿದು ಕೂತ ಧಾರಾವಾಹಿ ‘ಟ್ರೆಮೇ’. 2010ರ ಏಪ್ರಿಲ್‌ನಿಂದ 2013ರ ಡಿಸೆಂಬರ್‌ವರೆಗೆ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ಬಂತು. ಕಟ್ಟಿದವರು ಡೇವಿಡ್ ಸೈಮನ್ ಮತ್ತು ಎರಿಕ್ ಓವರ್‌ಮೈಯರ್. ಸೈಮನ್ ಮೊದಲು ಬಾಲ್ಟಿಮೋರ್‌ನಲ್ಲಿ ಪತ್ರಿಕೆಯ ವರದಿಗಾರರಾಗಿದ್ದವರು, ಆ ಕಣ್ಣು ಇಲ್ಲೂ ಕಾಣುತ್ತದೆ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಪ್ಪಳಿಸಿ, ಕಟ್ಟೆಗಳು ಒಡೆದು, ನ್ಯೂ ಆರ್ಲಿಯನ್ಸ್ ನಗರದ ಶೇ. 80ರಷ್ಟು ಭಾಗ ಮುಳುಗಿತು. ಟ್ರೆಮೇ ಅಲ್ಲಿಯ ಹಳೆಯ ಕರಿಯರ ಕೇರಿ, ಬ್ಯಾಂಡಿನವರ ತವರು.

ಕಥೆ ಶುರುವಾಗುವುದು ಚಂಡಮಾರುತ ಬಂದು ಮೂರು ತಿಂಗಳಾದ ಮೇಲೆ. ಮೊದಲ ದೃಶ್ಯದಲ್ಲಿ ಬಿರುಗಾಳಿಯಿಲ್ಲ, ಕೊಚ್ಚಿಹೋಗುವ ಮನೆಗಳಿಲ್ಲ. ಬೀದಿ ಮೆರವಣಿಗೆಗೆ ಎಷ್ಟು ಕೊಡುತ್ತೀರಿ ಎಂದು ಬ್ಯಾಂಡಿನವರು ಚೌಕಾಸಿ ಮಾಡುತ್ತಿದ್ದಾರೆ. ಟ್ರಾಂಬೋನ್ ಎಂಬ ಉದ್ದದ ಕಹಳೆ ಊದುವ ಆಂಟ್ವಾನ್ ತಡವಾಗಿ ಟ್ಯಾಕ್ಸಿಯಲ್ಲಿ ಬಂದಿಳಿಯುತ್ತಾನೆ, ಬಾಡಿಗೆಗೆ ಪೂರ್ತಿ ಕಾಸಿಲ್ಲ. ಚಾಲಕನ ಜೊತೆ ಏನೋ ಹೊಂದಿಸಿಕೊಂಡು ಓಡಿಹೋಗಿ ಸಾಲಿಗೆ ಸೇರಿ ಊದತೊಡಗುತ್ತಾನೆ. ಕುಣಿಯುವ ಜನ ಹಿಂದೆ ಹಿಂದೆ ಬರುತ್ತಾರೆ. ಸಂಸ್ಕೃತಿ ಎಂಬುದು ಕೂಲಿಯ ಮಾತಿನಿಂದಲೇ ಮೊದಲಾಗುತ್ತದೆ ಎಂದು ಇಷ್ಟು ಸಲೀಸಾಗಿ ತೋರಿಸಿದ ಆರಂಭ ನನಗೆ ಬೇರೆ ಗೊತ್ತಿಲ್ಲ.

ಈ ಧಾರಾವಾಹಿಯ ಕಸುಬು ಇರುವುದೇ ಅಲ್ಲಿ. ಅದು ದುಃಖವನ್ನು ಹೇಳಿಸುವುದಿಲ್ಲ, ಕೆಲಸವನ್ನು ತೋರಿಸುತ್ತದೆ. ಆಲ್ಬರ್ಟ್ ಎಂಬ ಹಿರಿಯನನ್ನೇ ನೋಡಿ. ಮಾರ್ಡಿ ಗ್ರಾ ಹಬ್ಬದಲ್ಲಿ ಅಲ್ಲಿನ ಕರಿಯರ ಕೆಲವು ಬಳಗಗಳು ಅಮೆರಿಕದ ಮೂಲನಿವಾಸಿಗಳ ನೆನಪಿಗೆ ಮಣಿ, ಗರಿಗಳ ದೊಡ್ಡ ವೇಷ ತೊಟ್ಟು ಹೊರಡುತ್ತವೆ. ವೇಷ ಪ್ರತಿವರ್ಷ ಹೊಸದಾಗಬೇಕು, ಕೈಯಲ್ಲೇ ಹೊಲಿಯಬೇಕು. ಆಲ್ಬರ್ಟ್ ಅಂಥದೊಂದು ಬಳಗದ ಮುಖ್ಯಸ್ಥ. ಮನೆ ನೆರೆಯಲ್ಲಿ ಕೆಟ್ಟಿದೆ, ಬಳಗದವರು ಊರೂರು ಚದುರಿದ್ದಾರೆ. ಅವನು ಮುಚ್ಚಿಹೋದ ಒಂದು ಬಾರನ್ನು ಶುಚಿಮಾಡಿ ಅಲ್ಲೇ ವಾಸವಿದ್ದು ಅಲ್ಲೇ ತಾಲೀಮು ನಡೆಸುತ್ತಾನೆ. ಕಂತು ಕಂತಿಗೂ ಅವನು ಸೂಜಿಗೆ ಮಣಿ ಪೋಣಿಸುತ್ತಿರುವುದನ್ನು ಕಾಣುತ್ತೇವೆ. ದೃಶ್ಯದ ಮಾತು ಬೇರೇನೋ ಇರುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ. ಅವಸರದ ನಿರ್ದೇಶಕನಾಗಿದ್ದರೆ ಸಿದ್ಧವಾದ ವೇಷವನ್ನಷ್ಟೇ ತೋರಿಸಿ ಮುಂದೆ ಹೋಗುತ್ತಿದ್ದ.

ಸಂಗೀತದ ವಿಷಯದಲ್ಲೂ ಇದೇ ಹಟ. ಹಾಡುಗಳನ್ನು ಬಹುಮಟ್ಟಿಗೆ ಚಿತ್ರೀಕರಣದ ಸ್ಥಳದಲ್ಲೇ ನೇರವಾಗಿ ಧ್ವನಿಮುದ್ರಿಸಿದರು. ಡಾಕ್ಟರ್ ಜಾನ್, ಅಲೆನ್ ಟೂಸೇಂಟ್, ಕರ್ಮಿಟ್ ರಫಿನ್ಸ್‌ರಂಥ ಆ ಊರಿನ ಸಂಗೀತಗಾರರು ತಮ್ಮದೇ ಹೆಸರಿನಲ್ಲಿ ಬಂದು ನುಡಿಸುತ್ತಾರೆ. ಹಾಡನ್ನು ಅರ್ಧಕ್ಕೆ ಕತ್ತರಿಸದೆ ಬಿಡುವುದೂ ಉಂಟು. ಕಥೆ ನಿಂತಂತೆ ಅನಿಸಿದರೂ ಊರು ಮುಂದೆ ಸಾಗುತ್ತಿರುತ್ತದೆ. ಆಂಟ್ವಾನನ ಪಾತ್ರದ ವೆಂಡೆಲ್ ಪಿಯರ್ಸ್ ಅಲ್ಲೇ ಹುಟ್ಟಿ ಬೆಳೆದ ನಟ. ಅವನ ಸಂಗಾತಿಯಾಗಿ ನಟಿಸಿದ ಫಿಲಿಸ್ ಮೊಂಟಾನಾ ಲೆಬ್ಲಾಂಕ್ ಸ್ವತಃ ಕತ್ರೀನಾದಲ್ಲಿ ಸಿಕ್ಕಿ ಬದುಕಿದವರು. ಎರಡನೆಯ ಸರಣಿಯಿಂದ ಅಡುಗೆಮನೆಯ ದೃಶ್ಯಗಳಿಗೆ ಬಾಣಸಿಗ, ಲೇಖಕ ಆಂಟನಿ ಬೋರ್ಡೇನ್ ಕೈಜೋಡಿಸಿದರು.

ನನಗೆ ಮರೆಯಲಾಗದ ದೃಶ್ಯ ಮೂರನೆಯ ಕಂತಿನದು. ನೆರೆಯಲ್ಲಿ ಸತ್ತ ತಮ್ಮವನೊಬ್ಬನಿಗಾಗಿ ಆಲ್ಬರ್ಟನ ಬಳಗ ಪಾಳುಬಿದ್ದ ಕೇರಿಯಲ್ಲಿ ನಿಂತು ಹಾಡುತ್ತಿದೆ. ಅಲ್ಲಿಗೆ ಪ್ರವಾಸಿಗಳ ಬಸ್ಸೊಂದು ಬಂದು ನಿಲ್ಲುತ್ತದೆ, ಕಿಟಕಿಗಳಲ್ಲಿ ಕ್ಯಾಮೆರಾಗಳು. ಹಾಡುವವರು ಬಸ್ಸನ್ನು ವಾಪಸು ಕಳಿಸುತ್ತಾರೆ. ಕ್ಯಾಮೆರಾ ಹೊತ್ತು ಆ ಊರಿಗೆ ಹೋದವರೇ ಬರೆದ ದೃಶ್ಯ ಅದು ಎಂಬುದನ್ನು ಗಮನಿಸಬೇಕು. ಬಿರುಗಾಳಿಯ ಮುನ್ನಾದಿನಗಳಿಗೆ ಕಥೆ ಹಿಂದಿರುಗುವುದು ಮೊದಲ ಸರಣಿಯ ಕೊನೆಯ ಕಂತಿನಲ್ಲಿ. ಲಡೋನಾ ಎಂಬಾಕೆ ಕಂತುಗಟ್ಟಲೆ ಹುಡುಕಿದ ತಮ್ಮ ಆಗ ಹೇಗೆ ಪೊಲೀಸರ ಕೈಸೇರಿದ ಎಂಬುದು ಅಲ್ಲಿ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಆ ಹುಡುಗ ನಮಗೂ ಬೇಕಾದವನಾಗಿರುತ್ತಾನೆ.

ನಮ್ಮ ಕಡೆಯ ವಿಪತ್ತು ನೆರೆಯಲ್ಲ, ಬರ. ಅದು ಒಂದೇ ದಿನ ಬರುವುದಿಲ್ಲ, ಆದ್ದರಿಂದ ಅದರ ನಾಟಕ ಇನ್ನೂ ಕಷ್ಟ. ಅನಂತಪುರದ ಬರ ಎಂದೊಡನೆ ಟಿವಿಯವರು ಬಿರುಕುಬಿಟ್ಟ ನೆಲ ತೋರಿಸುತ್ತಾರೆ. ‘ಟ್ರೆಮೇ’ ನೋಡಿದವರು ಹಾಗೆ ಮಾಡಲಾರರು. ಮಡಕಶಿರದ ಹಳ್ಳಿಯೊಂದರಲ್ಲಿ ಬಯಲಾಟದ ತಾಲೀಮು ನಡೆದಿದೆ, ಭೀಮನ ಪಾತ್ರದವನು ಕಡಲೆಕಾಯಿ ಬೆಳೆ ಕೈಕೊಟ್ಟದ್ದಕ್ಕೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ, ಭಾಗವತರು ಅವನಿಗೆ ಫೋನ್ ಮಾಡುತ್ತಿದ್ದಾರೆ ಎಂಬಲ್ಲಿಂದ ಅವರು ಹೊರಡುತ್ತಾರೆ. ರಾಯದುರ್ಗದಲ್ಲಾದರೆ ಹಗಲೆಲ್ಲ ಜೀನ್ಸ್ ಹೊಲಿದವನು ರಾತ್ರಿ ಕಿರೀಟಕ್ಕೆ ಬೇಗಡೆ ಅಂಟಿಸುವುದನ್ನು ಪೂರ್ತಿ ತೋರಿಸುತ್ತಾರೆ. ನ್ಯೂ ಆರ್ಲಿಯನ್ಸಿನ ಕೇರಿಮಾತಿಗೆ ‘ಟ್ರೆಮೇ’ ಎಲ್ಲೂ ವಿವರಣೆ ಕೊಡುವುದಿಲ್ಲ. ಹೊರಗಿನವರು ಕೇಳುತ್ತ ಕೇಳುತ್ತ ಕಲಿಯಬೇಕು. ನಮ್ಮ ಧಾರಾವಾಹಿಯಲ್ಲೂ ಭಾಗವತರು ಮನೆಯಲ್ಲಿ ಕನ್ನಡವನ್ನೂ ಮಂಡಲ ಕಚೇರಿಯಲ್ಲಿ ತೆಲುಗನ್ನೂ ಆಡಲಿ, ಸಂತೆಯಲ್ಲಿ ಎರಡನ್ನೂ ಕಲಸಿ ಮಾತಾಡಲಿ. ಬೆಂಗಳೂರಿನ ನೋಡುಗರಿಗಾಗಲಿ ಹೈದರಾಬಾದಿನವರಿಗಾಗಲಿ ಅದನ್ನು ತಿದ್ದಿ ಕೊಡಬೇಕಾಗಿಲ್ಲ.