ಭೂಗರ್ಭದ ಒಲೆ: ರೊಟೊರುವಾ ಊರಿನ ಬಿಸಿನೀರಿನ ಕಥೆ

ಮುಂಬಯಿಯಲ್ಲಿರುವ ನಮ್ಮ ವಾಚಕರಲ್ಲಿ ವಜ್ರೇಶ್ವರಿ, ಗಣೇಶಪುರಿಗಳ ಬಿಸಿನೀರಿನ ಕುಂಡಗಳಲ್ಲಿ ಮಿಂದು ಬಾರದವರು ವಿರಳ. ವಾರವೆಲ್ಲ ನಿಂತು ದುಡಿದು ಬಾತ ಕಾಲುಗಳನ್ನು ಆ ನೀರಿನಲ್ಲಿ ಇಳಿಬಿಟ್ಟು ಕುಳಿತವರಿಗೆ ಅದರ ಸುಖವನ್ನು ನಾವು ವರ್ಣಿಸಬೇಕಾಗಿಲ್ಲ. ದಕ್ಷಿಣ ಕನ್ನಡದವರಿಗೆ ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥವೂ ಪರಿಚಿತವೇ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿದು, ಅಲ್ಲಿನ ಶಾಖದಿಂದ ಕಾದು, ಮತ್ತೊಂದು ದಾರಿಯಿಂದ ಮೇಲೇರಿ ಬರುವುದೇ ಈ ಬುಗ್ಗೆಗಳ ಗುಟ್ಟು. ಹಿಮಾಚಲ ಪ್ರದೇಶದ ಮಣಿಕರ್ಣದಲ್ಲಿ ನೀರಿನ ಬಿಸಿ ಎಷ್ಟಿದೆಯೆಂದರೆ ಗುರುದ್ವಾರದ ಲಂಗರಿಗೆ ಬೇಕಾದ ಅಕ್ಕಿಬೇಳೆಗಳನ್ನು ಅದರಲ್ಲಿಯೇ ಬೇಯಿಸುತ್ತಾರೆ.

ಮೀಯುವುದಕ್ಕೆ, ಬೇಯಿಸುವುದಕ್ಕೆ ಮಾತ್ರವಲ್ಲದೆ, ಮನೆ ಬೆಚ್ಚಗಿಡುವುದಕ್ಕೂ ವ್ಯಾಪಾರಕ್ಕೂ ಇಡೀ ಒಂದು ಪಟ್ಟಣವೇ ಈ ನೀರನ್ನು ಬಳಸಹೊರಟರೆ ಏನಾದೀತು? ನ್ಯೂಝೀಲೆಂಡಿನ ಉತ್ತರ ದ್ವೀಪದಲ್ಲಿ ರೊಟೊರುವಾ ಎಂಬ ಊರಿನಲ್ಲಿ ಹಾಗೆ ಆಯಿತು. ಹೋಟೆಲು ನಡೆಸಿ ಬಂದ ನಮಗೆ ಆ ಊರಿನ ಕಥೆ ವಿಶೇಷವಾಗಿ ತಟ್ಟಿದುದಕ್ಕೆ ಕಾರಣವುಂಟು. ಅದರಲ್ಲಿ ಹೋಟೆಲಿನವರ ಪಾತ್ರ ಸಣ್ಣದಲ್ಲ.

ಆ ಪಟ್ಟಣದ ಅಂಚಿನಲ್ಲಿ ಫಕರೆವರೆವ ಎಂಬ ಹಳ್ಳಿಯಿದೆ. ಅಲ್ಲಿಯ ನಿವಾಸಿಗಳು ಆ ದೇಶದ ಮೂಲ ಜನರಾದ ಮಾವೊರಿಗಳು. 1886ನೆಯ ಇಸವಿಯ ಜೂನ್ 10ರಂದು ತರವೆರಾ ಎಂಬ ಅಗ್ನಿಪರ್ವತ ಸಿಡಿದು ಊರುಗಳು ಬೂದಿಯಡಿಯಲ್ಲಿ ಹೂತುಹೋದಾಗ, ಬದುಕಿ ಉಳಿದ ತೂಹೌರಂಗಿ ಕುಲದವರಲ್ಲಿ ಅನೇಕರು ಇಲ್ಲಿಗೆ ಬಂದು ನೆಲೆಸಿದರು. ಆ ರಾತ್ರಿ ಸುಮಾರು 60 ಜನರಿಗೆ ತನ್ನ ಮನೆಯಲ್ಲಿ ಆಶ್ರಯ ಕೊಟ್ಟು ಕಾಪಾಡಿದ ಸೋಫಿಯಾ ಹಿನೆರಂಗಿ ಎಂಬಾಕೆ, ಮುಂದೆ ಇಲ್ಲಿಯೇ ಪ್ರವಾಸಿಗಳಿಗೆ ಮಾರ್ಗದರ್ಶಕಳಾಗಿ ಹೆಸರು ಪಡೆದಳು. ಬೆಂಕಿಯ ಮಲೆಯೇ ಮನೆ ಕಳೆದ ಜನರಿಗೆ ಅದೇ ಬೆಂಕಿಯ ಇನ್ನೊಂದು ಮುಖ ಅನ್ನ ಕೊಟ್ಟಿತು.

ಇವರ ಅಡುಗೆಯ ಕ್ರಮವನ್ನು ನಮ್ಮ ಅಡುಗೆ ಭಟ್ಟರು ಗಮನಿಸತಕ್ಕದ್ದು. ಕುದಿಯುವ ಕೊಳದೊಳಕ್ಕೆ ಜೋಳದ ತೆನೆಗಳನ್ನು ಚೀಲದಲ್ಲಿ ಕಟ್ಟಿ ಇಳಿಬಿಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಬೆಂದು ಮೇಲೆ ಬರುತ್ತವೆ. ಮಾಂಸ, ಆಲೂಗಡ್ಡೆ, ಗೆಣಸುಗಳಿಗಾದರೆ ಬೇರೆ ಏರ್ಪಾಡು: ನೆಲದಿಂದ ಹಬೆ ಏಳುವಲ್ಲಿ ಒಂದು ಪೆಟ್ಟಿಗೆಯನ್ನು ಹೂಡಿ, ಅದರೊಳಗಿಟ್ಟು ಮುಚ್ಚಿಬಿಡುತ್ತಾರೆ. ನಮ್ಮ ಇಡ್ಲಿಪಾತ್ರೆಯ ತತ್ತ್ವವೇ ಇದು. ಸೌದೆಯಿಲ್ಲ, ಗ್ಯಾಸಿಲ್ಲ, ಪಾತ್ರೆಯ ತಳ ಹಿಡಿಯಿತೆಂಬ ಗಾಬರಿಯಿಲ್ಲ. ಅದೇ ಕೊಳದ ನೀರನ್ನು ಕಾಲುವೆಗಳಲ್ಲಿ ಹರಿಸಿ, ಹದಕ್ಕೆ ಆರಿಸಿ, ತಗ್ಗಾದ ತೊಟ್ಟಿಗಳಲ್ಲಿ ಊರವರು ಸ್ನಾನ ಮಾಡುತ್ತಾರೆ. ಹಳ್ಳಿಯ ಪಕ್ಕದಲ್ಲಿಯೇ ಪೊಹುಟು ಎಂಬ ಚಿಮ್ಮುಬುಗ್ಗೆ 30 ಮೀಟರಿನಷ್ಟು ಎತ್ತರಕ್ಕೆ ನೀರನ್ನು ಎರಚುವುದುಂಟು. ಅದನ್ನು ನೋಡಲು ಬರುವವರಿಂದ ಹಳ್ಳಿಯ ಆದಾಯ. (ನಮ್ಮ ಬಚ್ಚಲುಮನೆಯ ಗೀಸರಿಗೆ ಆ ಹೆಸರು ಬಂದದ್ದೂ ಐಸ್‌ಲೆಂಡಿನ ಇಂಥದೇ ಒಂದು ಬುಗ್ಗೆಯಿಂದ.)

ಇಪ್ಪತ್ತನೆಯ ಶತಮಾನದಲ್ಲಿ ಪಟ್ಟಣದವರು ಇದೇ ಶಾಖಕ್ಕೆ ಕೊಳವೆ ಹಾಕಿದರು. ಗೃಹಸ್ಥರು ಮನೆ ಬೆಚ್ಚಗಿಡಲೆಂದು ಕೊರೆದರು. ವಸತಿಗೃಹಗಳ ಮಾಲಿಕರು ಗಿರಾಕಿಗಳ ಸ್ನಾನಕ್ಕೂ ಈಜುಕೊಳಕ್ಕೂ ಕೊರೆದರು. ಒಬ್ಬರು ಕೊರೆದರೆ ಪಕ್ಕದವರು ಸುಮ್ಮನಿರುವುದುಂಟೆ? ನೂರಾರು ಬಾವಿಗಳಾದವು. ಬೇಕಾದಾಗಲೂ ಬೇಡವಾದಾಗಲೂ ಹರಿಯಬಿಟ್ಟ ನೀರು ಬಹಳ.

ಒಂದು ಬಾಯ್ಲರಿಗೆ ಹತ್ತು ನಲ್ಲಿ ಜೋಡಿಸಿ ಎಲ್ಲವನ್ನೂ ಏಕಕಾಲಕ್ಕೆ ತಿರುಗಿಸಿದರೆ ಆಗುವುದೇನೆಂಬುದನ್ನು ಚಹಾ ಮಾಡುವ ಹುಡುಗನೂ ಹೇಳಬಲ್ಲನು. ಭೂಮಿಯ ಆಳದಲ್ಲಿ ನೀರು ನೂರು ಡಿಗ್ರಿಯನ್ನು ದಾಟಿಯೂ ಕುದಿಯದೆ ಇರುವುದು ಮೇಲಿನ ಒತ್ತಡದಿಂದ. ಆ ನೀರು ಮೇಲೇರುತ್ತ ಒತ್ತಡ ತಗ್ಗಿದಲ್ಲಿ ಹಠಾತ್ತಾಗಿ ಹಬೆಯಾಗುವುದರಿಂದಲೇ ಬುಗ್ಗೆ ಚಿಮ್ಮುತ್ತದೆ. ಕೆಳಗಿನ ಒತ್ತಡವೇ ಕುಸಿದರೆ ನೀರು ಬಾಯಿಯವರೆಗೂ ಏರದು. ಅದೇ ಆಯಿತು. 1979ರಲ್ಲಿ ಪಾಪಕುರಾ ಎಂಬ ಚಿಮ್ಮುಬುಗ್ಗೆ ನಿಂತುಹೋಯಿತು. ಒಂದು ಬಾವಿಯನ್ನೂ ಕೊರೆಯದ ಹಳ್ಳಿಯವರ ಜೀವನೋಪಾಯಕ್ಕೇ ಸಂಚಕಾರ ಬಂದಿತು.

1986ರಲ್ಲಿ ಸರಕಾರ ಕಠಿಣ ಕ್ರಮಕ್ಕೆ ಕೈಹಾಕಿತು. ಪೊಹುಟುವಿನ ಸುತ್ತ ಒಂದೂವರೆ ಕಿಲೋಮೀಟರಿನೊಳಗಿನ ಬಾವಿಗಳನ್ನೆಲ್ಲ ಮುಚ್ಚಿಸುವುದು, ಉಳಿದವುಗಳಿಂದ ಶುಲ್ಕ ವಸೂಲು ಮಾಡುವುದು ಎಂದಾಯಿತು. ಬಾವಿಯ ಮಾಲಿಕರು ಬಲವಾಗಿ ಪ್ರತಿಭಟಿಸಿದರು. ಅವರ ಸಂಕಟ ನಮಗೆ ತಿಳಿಯದ್ದಲ್ಲ. ಪುಕ್ಕಟೆ ಬಿಸಿನೀರು ನಿಂತು ವಿದ್ಯುತ್ತಿನ ಬಿಲ್ಲು ಬಂದಾಗ ಎಂಥ ಮಾಲಿಕನಿಗೂ ಎದೆ ಧಸಕ್ಕೆನ್ನದೆ ಇರದು. ಆದರೂ ಸರಕಾರದ ಪಕ್ಷವೇ ನ್ಯಾಯವಾದುದೆಂದು ನಾವು ಹೇಳುತ್ತೇವೆ. ಮಾಲಿಕನಿಗೆ ನೀರು ಕಾಯಿಸಲು ಬೇರೆ ಉಪಾಯಗಳಿದ್ದವು. ಹಳ್ಳಿಗೆ ಬೇರೆ ಬುಗ್ಗೆ ಎಲ್ಲಿತ್ತು?

ಅದೇ ದೇಶದ ವೈರಾಕೆಯಲ್ಲಿ ಇಂಥ ತಡೆ ಇರಲಿಲ್ಲ. 1958ರಲ್ಲಿ ಅಲ್ಲಿ ಭೂಶಾಖದಿಂದ ವಿದ್ಯುತ್ತು ತೆಗೆಯುವ ದೊಡ್ಡ ಕೇಂದ್ರ ಆರಂಭವಾಯಿತು. ವಿದ್ಯುತ್ತು ಹೇರಳವಾಗಿ ದೊರಕಿತು, ನಿಜ. ಆದರೆ ಸಮೀಪದ ಕಣಿವೆಯ ಪ್ರಸಿದ್ಧ ಚಿಮ್ಮುಬುಗ್ಗೆಗಳು ಬತ್ತಿಹೋದವು.

ರೊಟೊರುವಾದಲ್ಲಿ ಬಾವಿಗಳು ಮುಚ್ಚಿದ ಬಳಿಕ ನೆಲದಡಿಯ ನೀರಿನ ಮಟ್ಟ ಮತ್ತೆ ಏರಿತು. ಶಾಖವನ್ನು ಮಾತ್ರ ತೆಗೆದುಕೊಂಡು ನೀರನ್ನು ಭೂಮಿಗೇ ಹಿಂದಿರುಗಿಸುವ ಪದ್ಧತಿ ಬಳಕೆಗೆ ಬಂತು. ಪೊಹುಟು ಚಿಮ್ಮುತ್ತಲೇ ಇದೆ. ಹಳ್ಳಿಯ ಕೊಳದಲ್ಲಿ ಜೋಳ ಬೇಯುತ್ತಲೇ ಇದೆ. 1979ರಲ್ಲಿ ನಿಂತಿದ್ದ ಪಾಪಕುರಾ, 36 ವರ್ಷ ಮೌನವಾಗಿದ್ದು, 2015ರಲ್ಲಿ ಪುನಃ ಚಿಮ್ಮಿತು.