ಕ್ಯಾಮೆರಾ ಕೊಳ್ಳುವ ಮುನ್ನ: ಚುಕ್ಕೆ ಎಣಿಸಬೇಕೇ, ಬೆಳಕು ಅಳೆಯಬೇಕೇ?

ಮನೆಯಲ್ಲಿ ಮಗುವಿನ ನಾಮಕರಣ. ಹಜಾರದಲ್ಲಿ ಇರುವುದೊಂದೇ ಟ್ಯೂಬ್‌ಲೈಟು. ತೊಟ್ಟಿಲ ಸುತ್ತ ನೆಂಟರ ಗುಂಪು. ಹೊಸದಾಗಿ ಕೊಂಡ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ನೂರು ಚಿತ್ರಗಳಲ್ಲಿ ಮಗುವಿನ ಮುಖ ನಿಚ್ಚಳವಾಗಿ ಬಂದಿರುವುದು ನಾಲ್ಕೈದರಲ್ಲಿ ಮಾತ್ರ. ಉಳಿದವೆಲ್ಲ ಮಸುಕು, ಇಲ್ಲವೇ ರವೆ ಚೆಲ್ಲಿದಂತೆ ಚುಕ್ಕೆ ಚುಕ್ಕೆ. ಡಬ್ಬದ ಮೇಲೆ 20 ಮೆಗಾಪಿಕ್ಸೆಲ್ ಎಂದು ದಪ್ಪಕ್ಷರದಲ್ಲಿ ಮುದ್ರಿಸಿತ್ತಲ್ಲ ಎಂದು ಮನೆಯವರು ಕೇಳುತ್ತಾರೆ. ಮುದ್ರಿಸಿದ್ದು ಸುಳ್ಳಲ್ಲ. ಆದರೆ ಆ ಅಂಕಿ ಹೇಳುವ ಸಂಗತಿಯೇ ಬೇರೆ.

ಎಣಿಕೆಯ ಹುಚ್ಚು ಬಂದ ಬಗೆ

ಬೆಳಕನ್ನು ವಿದ್ಯುತ್ತಾಗಿ ಹಿಡಿದಿಡುವ ಸಿಸಿಡಿ ಎಂಬ ಬಿಲ್ಲೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ್ದು 1969ರಲ್ಲಿ. ಇದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಇಂಥ ಬಿಲ್ಲೆಯನ್ನು ಬಳಸಿ ಸುಮಾರು 3.6 ಕಿಲೋ ತೂಕದ ಕ್ಯಾಮೆರಾ ಕಟ್ಟಿದರು. ಅದು ತೆಗೆಯುತ್ತಿದ್ದುದು ಕಪ್ಪು ಬಿಳುಪು ಚಿತ್ರ. ಅಡ್ಡಕ್ಕೆ ನೂರು, ಉದ್ದಕ್ಕೆ ನೂರು, ಒಟ್ಟು 10 ಸಾವಿರ ಚುಕ್ಕೆ. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ಬೇಕಾಗುತ್ತಿತ್ತು.

ತೆಗೆದ ಚಿತ್ರವನ್ನು ಬೆನ್ನಿನ ಪರದೆಯಲ್ಲೇ ತೋರಿಸಿ ಹೆಸರಾದ ಕ್ಯಾಸಿಯೋ ಸಂಸ್ಥೆಯ ಕ್ಯೂವಿ-10 ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದು 1995ರಲ್ಲಿ. ಅದರ ಚಿತ್ರದಲ್ಲಿದ್ದುದು 76,800 ಚುಕ್ಕೆ. ಆಲ್ಬಮ್ಮಿಗೆ ಹಾಕುವ 4ಕ್ಕೆ 6 ಇಂಚಿನ ಒಂದು ಚಿತ್ರ ಚೊಕ್ಕವಾಗಿ ಅಚ್ಚಾಗಬೇಕಾದರೆ ಸುಮಾರು 22 ಲಕ್ಷ ಚುಕ್ಕೆ ಬೇಕು. ಹೀಗಾಗಿ ಆ ದಿನಗಳಲ್ಲಿ ಚುಕ್ಕೆ ಹೆಚ್ಚಿದಂತೆಲ್ಲ ಚಿತ್ರವೂ ಸುಧಾರಿಸುತ್ತಿತ್ತು. ಮೆಗಾಪಿಕ್ಸೆಲ್ ಎಂದರೆ 10 ಲಕ್ಷ ಚುಕ್ಕೆ. ಅದು ನೋಡಿ ಕೊಳ್ಳಬೇಕಾದ ಅಂಕಿಯೇ ಆಗಿತ್ತು.

ಈಗ ಪರಿಸ್ಥಿತಿ ಹಾಗಿಲ್ಲ. ಗೋಡೆಗೆ ತೂಗುಹಾಕುವ 8ಕ್ಕೆ 12 ಇಂಚಿನ ಚಿತ್ರಕ್ಕೂ 9 ಮೆಗಾಪಿಕ್ಸೆಲ್ ಧಾರಾಳವಾಗಿ ಸಾಕು. ಇಂದು ಮಾರಾಟಕ್ಕಿರುವ ಹೆಚ್ಚಿನ ಕ್ಯಾಮೆರಾಗಳು ಈ ಗಡಿಯನ್ನು ದಾಟಿವೆ. ಅಗತ್ಯ ಮುಗಿದರೂ ಎಣಿಕೆಯ ಅಭ್ಯಾಸ ಮಾತ್ರ ಉಳಿದುಕೊಂಡಿದೆ.

ಅಂಗಳದ ಅಳತೆ

ಮಳೆ ಬರುವಾಗ ಅಂಗಳದ ತುಂಬ ಪಾತ್ರೆ ಇಟ್ಟರೆ ಸಿಗುವ ನೀರು ಅಂಗಳದ ವಿಸ್ತಾರವನ್ನು ಅವಲಂಬಿಸಿರುತ್ತದೆ. ಕೊಡಗಳನ್ನು ತೆಗೆದು ಲೋಟಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಎಣಿಕೆ ಹೆಚ್ಚೀತೇ ಹೊರತು ನೀರು ಹೆಚ್ಚದು. ಕ್ಯಾಮೆರಾದೊಳಗಿನ ಸೆನ್ಸರ್ ಇಂಥದೊಂದು ಅಂಗಳ.

ಅಗ್ಗದ ಪುಟ್ಟ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ 1/2.3 ಇಂಚಿನ ಸೆನ್ಸರಿನ ವಿಸ್ತಾರ ಸುಮಾರು 28 ಚದರ ಮಿಲಿಮೀಟರ್. ಒಂದು ಇಂಚಿನದೆಂದು ಕರೆಯುವ ಸೆನ್ಸರಿನದು 116. ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಕಾಣುವ ಎಪಿಎಸ್-ಸಿ ಅಳತೆಯದು ಸುಮಾರು 366. ಹಳೆಯ ಫಿಲ್ಮಿನ ಚೌಕಟ್ಟಿಗೆ ಸಮನಾದ ಫುಲ್ ಫ್ರೇಮಿನದು 864. ಇಲ್ಲಿನ ಇಂಚಿನ ಲೆಕ್ಕವೂ ಒಂದು ಒಗಟೇ. ಒಂದು ಇಂಚಿನ ಸೆನ್ಸರಿನ ಯಾವ ಬದಿಯೂ ಒಂದು ಇಂಚಿಲ್ಲ. ಹಳೆಯ ಟೆಲಿವಿಷನ್ ಕ್ಯಾಮೆರಾಗಳಲ್ಲಿದ್ದ ಗಾಜಿನ ಕೊಳವೆಯ ಹೊರ ಅಳತೆಯಿಂದ ಬಂದ ಹೆಸರು ಅದು. ಆದ್ದರಿಂದ ಮಿಲಿಮೀಟರಿನಲ್ಲಿ ಕೇಳಿ ತಿಳಿಯುವುದು ಕ್ಷೇಮ.

ಅಂಗಳಕ್ಕೆ ಬೆಳಕು ಬಿಡುವ ಬಾಗಿಲು ಲೆನ್ಸು. ಅದರ ಮೇಲಿನ ಎಫ್ ಸಂಖ್ಯೆ ಕಡಿಮೆಯಾದಷ್ಟೂ ಬಾಗಿಲು ಅಗಲ. ಎಫ್ 4ಕ್ಕಿಂತ ಎಫ್ 2ರಲ್ಲಿ ನಾಲ್ಕು ಪಟ್ಟು ಬೆಳಕು ಒಳಬರುತ್ತದೆ. ದೂರದ್ದನ್ನು ಹತ್ತಿರ ತರುವ ಜೂಮ್ ವಿಷಯದಲ್ಲಿ ಆಪ್ಟಿಕಲ್ ಎಂದು ಬರೆದಿರುವುದನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಡಿಜಿಟಲ್ ಜೂಮ್ ಎಂಬುದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಕೆಲಸ ಅಷ್ಟೆ.

ಫೋನ್ ಇರುವಾಗ ಕ್ಯಾಮೆರಾ ಏಕೆ?

ಈ ಪ್ರಶ್ನೆ ನ್ಯಾಯವಾದದ್ದೇ. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ರವಾನೆಯಾಗಿದ್ದವು. 2023ರಲ್ಲಿ ಆ ಸಂಖ್ಯೆ 80 ಲಕ್ಷವನ್ನೂ ಮುಟ್ಟಲಿಲ್ಲ. ಇಂದಿನ ಫೋನು ಕ್ಷಣಾರ್ಧದಲ್ಲಿ ಹಲವು ಚಿತ್ರ ತೆಗೆದು, ಬೆರೆಸಿ, ಒಂದಾಗಿಸುವ ಮೂಲಕ ಸೆನ್ಸರಿನ ಚಿಕ್ಕತನವನ್ನು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಊಟ, ತಿರುಗಾಟ, ರಸೀದಿಗಳ ಚಿತ್ರಕ್ಕೆ ಅದೇ ಸಾಕು.

ಆದರೆ ಮಂದ ಬೆಳಕಿನಲ್ಲಿ ಓಡಾಡುವ ಮಗು, ಮರದ ತುದಿಯ ಹಕ್ಕಿ, ಶಾಲೆಯ ರಂಗಮಂಚದ ದೂರದ ಮೂಲೆ, ಇವು ಫೋನನ್ನು ಸೋಲಿಸುತ್ತವೆ. ಮೊದಲಿನದಕ್ಕೆ ದೊಡ್ಡ ಸೆನ್ಸರ್, ಅಗಲ ಬಾಯಿಯ ಲೆನ್ಸ್. ಎರಡನೆಯದಕ್ಕೆ ಉದ್ದನೆಯ ಆಪ್ಟಿಕಲ್ ಜೂಮ್. ಮೂರನೆಯದಕ್ಕೆ ಎರಡೂ ಬೇಕು. ಎಲ್ಲವನ್ನೂ ಮಾಡುವ, ಹಗುರವೂ ಅಗ್ಗವೂ ಆದ ಕ್ಯಾಮೆರಾ ಇಲ್ಲ. ಯಾವ ಚಿತ್ರ ತಪ್ಪಿಹೋಗುತ್ತಿದೆ ಎಂದು ಮೊದಲು ಪಟ್ಟಿ ಮಾಡಿಕೊಂಡವರು ಮೋಸಹೋಗುವುದು ಕಡಿಮೆ.

ಅಂಗಡಿಯಲ್ಲೇ ಸಣ್ಣ ಪರೀಕ್ಷೆ ಸಾಧ್ಯ. ಫ್ಲ್ಯಾಷ್ ಆರಿಸಿ, ಬೆಳಕು ಕಡಿಮೆಯಿರುವ ಮೂಲೆಯಲ್ಲಿ ನಡೆದಾಡುವವರ ಚಿತ್ರ ತೆಗೆದು, ಪರದೆಯಲ್ಲಿ ಮುಖವನ್ನು ದೊಡ್ಡದು ಮಾಡಿ ನೋಡಬೇಕು. ಗುಂಡಿ ಒತ್ತಿದ ಮೇಲೆ ಚಿತ್ರ ಬೀಳಲು ಎಷ್ಟು ತಡವಾಗುತ್ತದೆಂಬುದನ್ನೂ ಗಮನಿಸಬೇಕು. ಬಳಸಿದ ಕ್ಯಾಮೆರಾ ಕೊಳ್ಳುವವರು ಲೆನ್ಸಿನೊಳಗೆ ಟಾರ್ಚು ಬಿಟ್ಟು ನೋಡುವುದು ಅಗತ್ಯ. ಮಲೆನಾಡು, ಕರಾವಳಿಯ ಮಳೆಗಾಲದ ತೇವಕ್ಕೆ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಟಿಗಳೊಂದಿಗೆ ಇಡುವುದು ಸುಲಭದ ಉಪಾಯ.

ಕೊನೆಯದಾಗಿ ತೂಕ. ಭಾರವೆಂದು ಬೀರುವಿನಲ್ಲೇ ಉಳಿಯುವ ಕ್ಯಾಮೆರಾ ಎಷ್ಟು ದೊಡ್ಡದಾದರೂ ವ್ಯರ್ಥ. ತೆಗೆದ ಚಿತ್ರಗಳನ್ನು ಎರಡು ಕಡೆ ನಕಲು ಮಾಡಿಡದಿದ್ದರೆ, ವರ್ಷಕ್ಕೆ ಹತ್ತನ್ನಾದರೂ ಅಚ್ಚು ಹಾಕಿಸದಿದ್ದರೆ ಅದೂ ವ್ಯರ್ಥವೇ. ಅಜ್ಜನ ಮದುವೆಯ ಒಂದೇ ಒಂದು ಚಿತ್ರ ಗೋಡೆಯ ಮೇಲೆ ಉಳಿದುಬಂದಿರುವ ಮನೆಯಲ್ಲಿ, ಮೊಮ್ಮಗಳ ನಾಮಕರಣದ ನೂರು ಚಿತ್ರಗಳು ಒಂದು ಕೆಟ್ಟ ಮೆಮೊರಿ ಕಾರ್ಡಿನೊಡನೆ ಅಳಿಸಿಹೋಗಬಾರದು.